ಪ್ರಾಕ್ಟಿಕಲ್ ಪಿಸ್ತೂಲ್ ಸ್ಪರ್ಧೆ: ಮೊದಲ ಪಂದ್ಯಕ್ಕೆ ಏನನ್ನು ಕೊಳ್ಳಬೇಕು, ಏನನ್ನು ಬಿಡಬೇಕು?

ಡಲ್ಲಾಸ್_ಹೊಸಬ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ಟೆಕ್ಸಾಸಿನಲ್ಲಿದ್ದೇನೆ. ಕಳೆದ ವರ್ಷ ಗ್ರೀನ್ ಕಾರ್ಡ್ ಕೈಸೇರಿತು. ಹೋದ ತಿಂಗಳು ಸಹೋದ್ಯೋಗಿಯೊಬ್ಬರು ತಾವು ಭಾಗವಹಿಸುವ ಯುಎಸ್‌ಪಿಎಸ್‌ಎ (ಪ್ರಾಕ್ಟಿಕಲ್ ಶೂಟಿಂಗ್ ನಡೆಸುವ ಅಮೆರಿಕದ ಸಂಸ್ಥೆ) ಪಂದ್ಯಕ್ಕೆ ನನ್ನನ್ನು ಪ್ರೇಕ್ಷಕನಾಗಿ ಕರೆದೊಯ್ದರು. ರಟ್ಟಿನ ಗುರಿಗಳ ನಡುವೆ ಓಡುತ್ತ, ಗೋಡೆಗಳ ಮರೆಯಿಂದ ಬಾಗಿ ಗುಂಡು ಹಾರಿಸುತ್ತ, ಓಡುತ್ತಲೇ ಗುಂಡು ತುಂಬಿದ ಮ್ಯಾಗಜೀನ್ ಬದಲಿಸುತ್ತ ಇಪ್ಪತ್ತು ಸೆಕೆಂಡಿನೊಳಗೆ ಪಂದ್ಯದ ಒಂದೊಂದು ಸುತ್ತನ್ನು, ಅಂದರೆ ಸ್ಟೇಜನ್ನು, ಮುಗಿಸುತ್ತಿದ್ದವರನ್ನು ನೋಡಿದ ಮೇಲೆ, ಇದನ್ನು ಕಲಿಯಲೇಬೇಕೆಂಬ ಆಸೆ ಮನಸ್ಸಿನಲ್ಲಿ ನಿಂತುಬಿಟ್ಟಿದೆ.

ಒಟ್ಟು 1,500 ಡಾಲರ್ ತೆಗೆದಿರಿಸಿದ್ದೇನೆ. ಆ ದಿನ ಹಲವರ ಕೈಯಲ್ಲಿ ಸಿಜ಼ಡ್ ಶ್ಯಾಡೋ 2 ಪಿಸ್ತೂಲು ಕಂಡದ್ದರಿಂದ ಅದನ್ನೇ ಕೊಳ್ಳುವ ಯೋಚನೆಯಿದೆ. ಅದನ್ನು ಕೊಂಡರೆ ಹೋಲ್‌ಸ್ಟರ್ (ಸೊಂಟದಲ್ಲಿ ಪಿಸ್ತೂಲು ಇಡುವ ಒರೆ), ಬೆಲ್ಟ್ ಮತ್ತು ಇತರ ಸಾಮಾನಿಗೆ ನೂರು ಡಾಲರಿನಷ್ಟು ಉಳಿಯುತ್ತದೆ. ಮನೆಯಲ್ಲಿರುವ ಚರ್ಮದ ಬೆಲ್ಟು ಮತ್ತು ಒಂದು ಸಾಧಾರಣ ನೈಲಾನ್ ಹೋಲ್‌ಸ್ಟರಿನಿಂದ ಸದ್ಯಕ್ಕೆ ಸುಧಾರಿಸಬಹುದೆಂದುಕೊಂಡಿದ್ದೇನೆ. ಇದು ಸರಿಯೇ? ಅನುಭವಸ್ಥರು ದಯವಿಟ್ಟು ತಿಳಿಸಿ.

ಫೀನಿಕ್ಸ್_ಆರ್‌ಒ

ನಮಸ್ಕಾರ. ಒಂಬತ್ತು ವರ್ಷಗಳಿಂದ ಈ ಪಂದ್ಯಗಳಲ್ಲಿ ಸ್ಪರ್ಧಿಸುತ್ತಿದ್ದೇನೆ, ಆರು ವರ್ಷಗಳಿಂದ ಸ್ಪರ್ಧಿಗಳ ಸುರಕ್ಷತೆ ನೋಡಿಕೊಳ್ಳುವ ರೇಂಜ್ ಆಫೀಸರ್ (ಆರ್‌ಒ) ಆಗಿಯೂ ದುಡಿಯುತ್ತಿದ್ದೇನೆ. ನಿಮ್ಮ ಲೆಕ್ಕವನ್ನು ತಲೆಕೆಳಗು ಮಾಡಬೇಕೆಂದು ಬಹಳ ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ನೀವು ಪಿಸ್ತೂಲಿನಿಂದ ಶುರುಮಾಡಿ ಸೊಂಟಪಟ್ಟಿಗೆ ಬಂದಿದ್ದೀರಿ; ಸೊಂಟಪಟ್ಟಿ ಮತ್ತು ಹೋಲ್‌ಸ್ಟರಿನಿಂದ ಶುರುಮಾಡಿ ಪಿಸ್ತೂಲಿಗೆ ಬರಬೇಕು.

ಕಾರಣ ಹೇಳುತ್ತೇನೆ. ಈ ಆಟದಲ್ಲಿ ತುಂಬಿದ ಪಿಸ್ತೂಲನ್ನು ಸೊಂಟದಿಂದ ಹೊರಗೆಳೆಯುತ್ತೀರಿ, ಅದನ್ನು ಹಿಡಿದುಕೊಂಡು ಓಡುತ್ತೀರಿ. ನೈಲಾನ್ ಬಟ್ಟೆಯ ಹೋಲ್‌ಸ್ಟರಿನ ಬಾಯಿ ಮೆತ್ತಗಿರುವುದರಿಂದ ಪಿಸ್ತೂಲನ್ನು ಮರಳಿ ಇಡುವಾಗ ಅದರ ಅಂಚು ಒಳಮಡಚಿ ಟ್ರಿಗರಿಗೆ ತಾಗುವ ಅಪಾಯವಿದೆ. ಅದರ ಹಿಡಿತವೂ ಸಡಿಲ. ಕೆಲವು ವರ್ಷಗಳ ಹಿಂದೆ ನನ್ನ ಸ್ಕ್ವಾಡಿನಲ್ಲಿಯೇ (ಒಟ್ಟಿಗೆ ಆಡುವ ಗುಂಪಿನಲ್ಲಿ) ಹೊಸಬರೊಬ್ಬರು, ತೆರೆದ ಬಾಗಿಲಿನ ಹಿಂದೆ ಬಗ್ಗಿ ನಿಂತು ಪಂದ್ಯ ಆರಂಭಿಸುವ ಸ್ಟೇಜಿನಲ್ಲಿ, ಎದ್ದು ಓಡಿದ ಕೂಡಲೇ ಪಿಸ್ತೂಲು ಹೋಲ್‌ಸ್ಟರಿನಿಂದ ಜಾರಿ ನೆಲಕ್ಕೆ ಬಿದ್ದಿತು. ಸ್ಟೇಜಿನೊಳಗೆ ಪಿಸ್ತೂಲು ಬಿದ್ದರೆ ಡಿಕ್ಯೂ, ಅಂದರೆ ಪಂದ್ಯದಿಂದ ಅನರ್ಹ. ಅಂದಿನ ಪಂದ್ಯ ಅಲ್ಲಿಗೆ ಮುಗಿಯಿತು. ಬೆಳಿಗ್ಗೆ ಎಂಟಕ್ಕೆ ಬಂದವರು ಒಂದೂ ಗುಂಡು ಹಾರಿಸದೆ ಮನೆಗೆ ಹೋದರು. ಅವರ ಪಿಸ್ತೂಲು ಒಳ್ಳೆಯದೇ ಆಗಿತ್ತು.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಇದು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ನಿಮ್ಮ ಸರದಿ ಇಲ್ಲದ ಹೊತ್ತಿನಲ್ಲಿ ಖಾಲಿ ಪಿಸ್ತೂಲು ಆಕಸ್ಮಿಕವಾಗಿ ಬಿದ್ದರೆ ಅದನ್ನು ನೀವು ಎತ್ತಿಕೊಳ್ಳಬಾರದು. ಕೈ ತಾನಾಗಿಯೇ ಬಗ್ಗುತ್ತದೆ, ಆದರೂ ಮುಟ್ಟಕೂಡದು. ಆರ್‌ಒ ಬಂದು ಎತ್ತಿ, ಪರೀಕ್ಷಿಸಿ, ನಿಮಗೆ ಕೊಡುತ್ತಾರೆ, ಆಗ ದಂಡನೆಯಿಲ್ಲ. ನೀವೇ ಎತ್ತಿಕೊಂಡರೆ ಡಿಕ್ಯೂ.

ನಿಮ್ಮ 1,500 ಡಾಲರನ್ನು ನಾನಾಗಿದ್ದರೆ ಹೀಗೆ ಹಂಚುತ್ತಿದ್ದೆ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರಿಗೆ ಸುಮಾರು 80; ಎರಡು ಪದರದ ಸ್ಪರ್ಧಾ ಬೆಲ್ಟಿಗೆ 70; ಮೂರು ಮ್ಯಾಗಜೀನ್ ಪೌಚುಗಳಿಗೆ 90; ಪಿಸ್ತೂಲಿನ ಜೊತೆ ಬರುವ ಮ್ಯಾಗಜೀನುಗಳ ಮೇಲೆ ಇನ್ನೂ ಎರಡಕ್ಕೆ 60; ಕಿವಿ ಮತ್ತು ಕಣ್ಣಿನ ರಕ್ಷಣೆಗೆ 80. ಇಷ್ಟಾದ ಮೇಲೆ ಡಾಟ್ ಸೈಟ್ (ಗಾಜಿನಲ್ಲಿ ಗುರಿಚುಕ್ಕೆ ತೋರಿಸುವ ಸಾಧನ) ಕೂರಿಸಲು ಮೇಲ್ಭಾಗದಲ್ಲಿ ಜಾಗ ಕೊರೆದಿರುವ, ಪಾಲಿಮರ್ ಎಂಬ ಗಟ್ಟಿ ಪ್ಲಾಸ್ಟಿಕ್ ಚೌಕಟ್ಟಿನ ಒಂದು ಪಿಸ್ತೂಲಿಗೆ 600, ಡಾಟಿಗೆ 280. ಉಳಿಯುವ 240 ಡಾಲರ್ ಪೂರ್ತಿಯಾಗಿ ಗುಂಡಿಗೆ. ಅಂಗಡಿಯಿಂದ ಅಂಗಡಿಗೆ ಬೆಲೆ ಹೆಚ್ಚುಕಡಿಮೆಯಾದೀತು, ಪ್ರಮಾಣ ಮಾತ್ರ ಹೀಗೆಯೇ ಇರಲಿ. ಪಾಲಿಮರಿನಲ್ಲಿ ಗ್ಲಾಕ್ 34 ಅಥವಾ 17, ವಾಲ್ಥರ್ ಪಿಡಿಪಿ, ಸಿಜ಼ಡ್ ಪಿ-10, ಕ್ಯಾನಿಕ್ ಇವುಗಳಲ್ಲಿ ನಿಮ್ಮ ಅಂಗೈಗೆ ಒಗ್ಗುವುದು ಯಾವುದೋ ಅದನ್ನು ಆರಿಸಿಕೊಳ್ಳಿ. ನಾಲ್ಕರಲ್ಲಿ ಯಾವುದನ್ನು ಕೊಂಡರೂ ಮೊದಲ ಎರಡು ವರ್ಷ ಪಿಸ್ತೂಲಿನಿಂದಾಗಿ ನೀವು ಸೋಲುವುದಿಲ್ಲ.

ಹಳೆ_ಮೈಸೂರು_ಓಹಾಯೋ

ಆರ್‌ಒ ಅವರು ಹೋಲ್‌ಸ್ಟರಿನ ಬಗ್ಗೆ ಹೇಳಿದ್ದಕ್ಕೆ ನನ್ನ ಸಂಪೂರ್ಣ ಸಮ್ಮತಿಯಿದೆ. ಶ್ಯಾಡೋ 2 ವಿಷಯದಲ್ಲಿ ಮಾತ್ರ ಎರಡು ಮಾತು ಹೇಳಬೇಕಾಗಿದೆ. ನಾನು ಅದರಲ್ಲಿಯೇ ಕಲಿತವನು. ಅದು ಉಕ್ಕಿನ ಪಿಸ್ತೂಲು. ಖಾಲಿಯಿರುವಾಗಲೇ ಸುಮಾರು 1,330 ಗ್ರಾಂ ತೂಗುತ್ತದೆ, ಅಂದರೆ ಗ್ಲಾಕ್ 17ರ ಇಮ್ಮಡಿ. ಆ ಭಾರ ಒದೆತವನ್ನು ನುಂಗಿಕೊಳ್ಳುವುದರಿಂದ ಎರಡನೆಯ ಗುಂಡಿಗೆ ಸೈಟ್ ತಾನಾಗಿ ಗುರಿಯ ಮೇಲೆ ಬಂದು ಕೂರುತ್ತದೆ. ಇಷ್ಟು ಜನ ಅದನ್ನು ಸುಮ್ಮನೆ ಹಿಡಿದಿಲ್ಲ. ಶಕ್ತಿಯಿದ್ದವರು ಒಮ್ಮೆಗೇ ಒಳ್ಳೆಯದನ್ನು ಕೊಂಡರೆ ಮತ್ತೆ ಮಾರಿ ಬದಲಿಸುವ ನಷ್ಟ ತಪ್ಪುತ್ತದಲ್ಲವೇ?

ಫೀನಿಕ್ಸ್_ಆರ್‌ಒ

ಸರ್, ಪಿಸ್ತೂಲಿನ ಗುಣದ ಬಗ್ಗೆ ನನ್ನ ತಕರಾರಿಲ್ಲ. ಹೊಸಬರ ಕೈಗೆ ಕೊಡಲು ನಾನು ಹಿಂಜರಿಯುವುದು ಬೇರೆ ಕಾರಣಕ್ಕೆ. ಪ್ರೊಡಕ್ಷನ್ (ಡಾಟ್ ಇಲ್ಲದ) ಮತ್ತು ಕ್ಯಾರಿ ಆಪ್ಟಿಕ್ಸ್ (ಡಾಟ್ ಇರುವ) ವಿಭಾಗಗಳಲ್ಲಿ ಈ ಬಗೆಯ ಪಿಸ್ತೂಲನ್ನು ಅದರ ಹಿಂಬದಿಯ ಸುತ್ತಿಗೆ (ಹ್ಯಾಮರ್) ಇಳಿಸಿದ ಸ್ಥಿತಿಯಲ್ಲಿಯೇ ಹೋಲ್‌ಸ್ಟರಿನಲ್ಲಿ ಇಟ್ಟುಕೊಂಡು ಆರಂಭಿಸಬೇಕು. ಶ್ಯಾಡೋ 2ಗೆ ಸುತ್ತಿಗೆಯನ್ನು ತಾನಾಗಿ ಇಳಿಸುವ ಸನ್ನೆ ಇಲ್ಲ. ಆದ್ದರಿಂದ ಆರ್‌ಒ 'ಮೇಕ್ ರೆಡಿ' (ಸಿದ್ಧರಾಗಿ) ಎಂದ ಮೇಲೆ ಚೇಂಬರಿಗೆ, ಅಂದರೆ ನಳಿಗೆಯ ಬುಡಕ್ಕೆ, ಗುಂಡು ಏರಿಸಿ, ಸುತ್ತಿಗೆಯನ್ನು ಎಡಗೈ ಬೆರಳುಗಳಲ್ಲಿ ಬಿಗಿಯಾಗಿ ಹಿಡಿದು, ಟ್ರಿಗರ್ ಒತ್ತಿ, ನಿಧಾನವಾಗಿ ಕೆಳಗಿಳಿಸಬೇಕಾಗುತ್ತದೆ. ಬೆರಳು ಜಾರಿದರೆ ಗುಂಡು ಹಾರುತ್ತದೆ, ಪಂದ್ಯವೂ ಮುಗಿಯುತ್ತದೆ. ಅದರಲ್ಲಿ ಫೈರಿಂಗ್ ಪಿನ್ (ಗುಂಡಿನ ಹಿಂಬದಿಗೆ ಬಡಿಯುವ ಮೊಳೆ) ತಡೆಯೂ ಇಲ್ಲ. ಮೊದಲ ಪಂದ್ಯದಲ್ಲಿ ಬೆರಳುಗಳು ನಡುಗುತ್ತಿರುತ್ತವೆ, ಹಿಂದೆ ಹತ್ತು ಜನ ನೋಡುತ್ತ ನಿಂತಿರುತ್ತಾರೆ. ಆ ಹೊತ್ತಿನಲ್ಲಿ ಈ ಕೆಲಸವೊಂದು ಕಡಿಮೆಯಿದ್ದರೆ ಮೇಲು. ಗ್ಲಾಕಿನಂಥ ಪಿಸ್ತೂಲಿನಲ್ಲಿ ಈ ಹಂತವೇ ಇರುವುದಿಲ್ಲ.

ಅದರ ಮೇಲೆ, ಶ್ಯಾಡೋದ ಮೊದಲ ಗುಂಡಿಗೆ ಟ್ರಿಗರ್ ಉದ್ದ ಮತ್ತು ಭಾರ, ಎರಡನೆಯದರಿಂದ ಹಗುರ. ಎರಡು ಬಗೆಯ ಒತ್ತುವಿಕೆಯನ್ನು ಒಟ್ಟಿಗೆ ಕಲಿಯಬೇಕು. ಅಸಾಧ್ಯವೇನಲ್ಲ, ನೀವೇ ಕಲಿತಿದ್ದೀರಿ. ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಲಿ ಎಂದಷ್ಟೇ ನನ್ನ ಕೋರಿಕೆ.

ಹಳೆ_ಮೈಸೂರು_ಓಹಾಯೋ

ಸುತ್ತಿಗೆ ಇಳಿಸುವ ವಿಷಯದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ. ನನಗೆ ಅದನ್ನು ಹೇಳಿಕೊಡಲು ಗುರುಗಳೊಬ್ಬರು ಆರು ವಾರ ಪಕ್ಕದಲ್ಲಿ ನಿಂತಿದ್ದರು. ಎಲ್ಲರಿಗೂ ಅಂಥವರು ಸಿಗುವುದಿಲ್ಲ ಎಂಬುದನ್ನು ನಾನು ಗಮನಿಸಬೇಕಾಗಿತ್ತು.

ಆದರೆ ಡಾಟ್ ಬೇಕೇ ಎಂಬ ಬಗ್ಗೆ ನನ್ನ ಭಿನ್ನಾಭಿಪ್ರಾಯ ಉಳಿದಿದೆ. ಐರನ್ ಸೈಟಿನಲ್ಲಿ (ಪಿಸ್ತೂಲಿನ ಮೇಲಿನ ಸಾದಾ ಗುರಿಗುರುತಿನಲ್ಲಿ) ಕಲಿತವನ ಹಿಡಿತ ಗಟ್ಟಿಯಾಗುತ್ತದೆ. ಪಿಸ್ತೂಲನ್ನು ಎತ್ತಿದಾಗ ಅದು ಕಣ್ಣಿನ ನೇರಕ್ಕೆ ಬರುವ ಅಭ್ಯಾಸ ಆಗುತ್ತದೆ. ಡಾಟಿನಿಂದ ಶುರುಮಾಡಿದವರು ಗಾಜಿನೊಳಗೆ ಚುಕ್ಕೆಯನ್ನು ಹುಡುಕುತ್ತ ನಿಲ್ಲುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. 280 ಡಾಲರನ್ನು ಉಳಿಸಿ ಪ್ರೊಡಕ್ಷನ್ ವಿಭಾಗದಲ್ಲಿ ಆರಂಭಿಸಿದರೆ ಆ ಹಣಕ್ಕೆ ಸಾವಿರ ಗುಂಡು ಬರುತ್ತದೆ.

ಬೇ_ಏರಿಯಾ_ಕನ್ನಡತಿ

ನಾನು ನಲವತ್ತಾರನೆಯ ವಯಸ್ಸಿನಲ್ಲಿ ಈ ಆಟಕ್ಕೆ ಬಂದವಳು. ಮೊದಲ ಎಂಟು ತಿಂಗಳು ಐರನ್ ಸೈಟಿನಲ್ಲಿ ಹೆಣಗಿದೆ. ಚಾಳೀಸು ಬಂದ ಕಣ್ಣಿಗೆ ಹತ್ತಿರದ ಫ್ರಂಟ್ ಸೈಟ್ ಮಸುಕು, ಅದನ್ನು ಕಾಣಿಸುವ ಕನ್ನಡಕ ಹಾಕಿದರೆ ದೂರದ ಗುರಿ ಮಸುಕು. ಡಾಟಿನಲ್ಲಿ ಗುರಿಯನ್ನೇ ನೋಡುತ್ತಿದ್ದರೆ ಸಾಕು, ಕೆಂಪು ಚುಕ್ಕೆ ಅದರ ಮೇಲೆ ಬಂದು ನಿಲ್ಲುತ್ತದೆ. ಕ್ಯಾರಿ ಆಪ್ಟಿಕ್ಸಿಗೆ ಬದಲಾದ ತಿಂಗಳಲ್ಲಿಯೇ ನನಗೆ ಆಟ ಅರ್ಥವಾಗತೊಡಗಿತು. ಆದ್ದರಿಂದ ಪ್ರಶ್ನೆ ಕೇಳಿದವರ ವಯಸ್ಸು ಎಷ್ಟೆಂಬುದರ ಮೇಲೆ ಇದು ನಿರ್ಧಾರವಾಗಬೇಕು. ಚುಕ್ಕೆ ಹುಡುಕುವ ತೊಂದರೆ ನಿಜವೇ. ದಿನವೂ ಹತ್ತು ನಿಮಿಷ ಖಾಲಿ ಪಿಸ್ತೂಲಿನಲ್ಲಿ ಅಭ್ಯಾಸ ಮಾಡಿದರೆ ಮೂರ್ನಾಲ್ಕು ವಾರದಲ್ಲಿ ಅದು ಕಳೆಯುತ್ತದೆ.

ಡಾಟಿನ ಬಗ್ಗೆ ಒಂದು ಎಚ್ಚರಿಕೆ. ಅದನ್ನು ಕೂರಿಸುವ ಎರಡು ಪುಟ್ಟ ಸ್ಕ್ರೂಗಳನ್ನು ಎಣ್ಣೆಯಿಲ್ಲದಂತೆ ಒರೆಸಿ, ಥ್ರೆಡ್ ಲಾಕರ್ ಅಂಟನ್ನು ಒಂದೇ ಒಂದು ಹನಿ ಹಚ್ಚಿ, ತಯಾರಕರು ಹೇಳಿದಷ್ಟೇ ಬಿಗಿಯಲ್ಲಿ ಟಾರ್ಕ್ ಸ್ಕ್ರೂಡ್ರೈವರಿನಿಂದ ತಿರುಗಿಸಿ, ಸ್ಕ್ರೂ ತಲೆಯಿಂದ ಡಾಟಿನ ಮೈಮೇಲೆ ಹಾಯುವಂತೆ ಬಣ್ಣದ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದು ಕಂಡರೆ ಸ್ಕ್ರೂ ತಿರುಗಿದೆಯೆಂದು ಗೊತ್ತಾಗುತ್ತದೆ. ನಾನು ಹಾಗೆ ಮಾಡದೆ ಒಂದು ಪಂದ್ಯಕ್ಕೆ ಹೋದೆ. ಮೂರನೆಯ ಸ್ಟೇಜಿನಲ್ಲಿ ಗುಂಡುಗಳೆಲ್ಲ ಎಡಕ್ಕೆ ಬೀಳತೊಡಗಿದವು. ನನ್ನ ಟ್ರಿಗರ್ ಬೆರಳಿನ ದೋಷವೆಂದೇ ತಿಳಿದು ಇನ್ನೂ ಎರಡು ಸ್ಟೇಜುಗಳನ್ನು ಹಾಳುಮಾಡಿಕೊಂಡೆ. ಕೊನೆಗೆ ಬೆರಳಲ್ಲಿ ಮುಟ್ಟಿ ನೋಡಿದರೆ ಡಾಟೇ ಅಲ್ಲಾಡುತ್ತಿತ್ತು.

ಹೆಣ್ಣುಮಕ್ಕಳು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗಾಗಿ ಬರೆಯುತ್ತೇನೆ. ನಮ್ಮ ಸೊಂಟದ ಆಕಾರಕ್ಕೆ ನೇರವಾಗಿ ಬೆಲ್ಟಿಗೆ ಸಿಕ್ಕಿಸುವ ಹೋಲ್‌ಸ್ಟರ್ ಹೊಂದುವುದಿಲ್ಲ. ಹಿಡಿಕೆ ಪಕ್ಕೆಲುಬಿಗೆ ಒತ್ತಿಕೊಂಡು, ಹೊರಗೆಳೆಯುವಾಗ ಮೊಣಕೈ ಕಿವಿಯವರೆಗೆ ಏರಬೇಕಾಗುತ್ತದೆ. ಹೋಲ್‌ಸ್ಟರನ್ನು ಸ್ವಲ್ಪ ಕೆಳಗೆ ಮತ್ತು ಹೊರಗೆ ತೂಗಹಾಕುವ ಹ್ಯಾಂಗರ್ ಸಿಗುತ್ತದೆ. ನಿಮ್ಮ ವಿಭಾಗದ ನಿಯಮ ಎಷ್ಟು ಕೆಳಗೆ, ಎಷ್ಟು ದೂರ ಬಿಡುತ್ತದೆಂದು ನೋಡಿಕೊಂಡು ಅದನ್ನು ಹಾಕಿಸಿಕೊಳ್ಳಿ. ಇನ್ನು ಉಡುಪು: ಕುತ್ತಿಗೆಗೆ ಹತ್ತಿರ ಮುಚ್ಚುವ ಅಂಗಿ ತೊಡಿ, ಮುಂದೆ ಚಾಚಿದ ಟೊಪ್ಪಿ ಹಾಕಿ. ಪಿಸ್ತೂಲಿನಿಂದ ಚಿಮ್ಮುವ ಹಿತ್ತಾಳೆ ಕೋಶ ಕಾದಿರುತ್ತದೆ. ಅದು ಅಂಗಿಯೊಳಗೆ ಬಿದ್ದಾಗ ಮೈ ತಾನಾಗಿ ಹೊರಳುತ್ತದೆ, ಕೈಯಲ್ಲಿರುವ ಪಿಸ್ತೂಲೂ ಅದರೊಂದಿಗೆ ತಿರುಗುತ್ತದೆ. ಈ ಮಾತು ಗಂಡಸರಿಗೂ ಅನ್ವಯಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿರುವವರು ಮ್ಯಾಗಜೀನಿಗೆ ಹತ್ತೇ ಗುಂಡು ಎಂಬ ರಾಜ್ಯದ ಮಿತಿಯನ್ನು ನೆನಪಿಡಬೇಕು. ಟೆಕ್ಸಾಸಿನಲ್ಲಿ ಮೂರು ಪೌಚಿನಲ್ಲಿ ಆಗುವ ಕೆಲಸಕ್ಕೆ ನಮಗೆ ಐದಾದರೂ ಬೇಕು.

ಆಸ್ಟಿನ್_ಓದುಗ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಪಿಸ್ತೂಲು ಕೊಳ್ಳದೆ, ಸ್ನೇಹಿತರದ್ದನ್ನು ಎರವಲು ಪಡೆದು ಒಂದು ಪಂದ್ಯದಲ್ಲಿ ಭಾಗವಹಿಸಬಹುದೇ?

ಫೀನಿಕ್ಸ್_ಆರ್‌ಒ

ದಯವಿಟ್ಟು ಹಾಗೆ ಮಾಡಬೇಡಿ. ಇದು ಈ ಇಡೀ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ, ಕೇಳಿದ್ದಕ್ಕೆ ಧನ್ಯವಾದ. ಅಮೆರಿಕದ ಫೆಡರಲ್ ಕಾನೂನು ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕು ಅಥವಾ ಮದ್ದುಗುಂಡನ್ನು ಹೊಂದುವುದನ್ನೇ ನಿಷೇಧಿಸುತ್ತದೆ. ಕೊಳ್ಳುವುದು ಒಂದೇ ಅಲ್ಲ, ವಶದಲ್ಲಿರಿಸಿಕೊಳ್ಳುವುದೂ ಆ ನಿಷೇಧದೊಳಗೆ ಬರುತ್ತದೆ. ರೇಂಜಿನಲ್ಲಿ ಬಾಡಿಗೆಗೆ ಪಡೆಯುವುದಾಗಲಿ, ಸ್ನೇಹಿತರದ್ದನ್ನು ಎರವಲು ಪಡೆಯುವುದಾಗಲಿ ಅಪಾಯದಿಂದ ಹೊರತಲ್ಲ. ಕಾನೂನಿನಲ್ಲಿ ಕೆಲವು ವಿನಾಯಿತಿಗಳಿವೆ. ರಾಜ್ಯವೊಂದು ನೀಡಿದ ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಅವುಗಳಲ್ಲಿ ಒಂದು. ಆದರೆ ಅದು ನಿಮ್ಮ ಸಂದರ್ಭಕ್ಕೆ ಹೊಂದುತ್ತದೆಯೇ ಎಂಬುದನ್ನು ವಲಸೆ ಮತ್ತು ಬಂದೂಕು ಕಾನೂನು ಎರಡನ್ನೂ ಬಲ್ಲ ವಕೀಲರಿಂದ ಬರಹದಲ್ಲಿ ತಿಳಿದುಕೊಳ್ಳದೆ ಮುಂದಡಿ ಇಡಬೇಡಿ. ವರ್ಷಗಟ್ಟಲೆ ಸರದಿಯಲ್ಲಿ ನಿಂತು ಕಾದ ಗ್ರೀನ್ ಕಾರ್ಡ್ ಒಂದು ಶನಿವಾರದ ಆಟಕ್ಕೆ ಬಲಿಯಾಗಬಾರದು.

ಅಲ್ಲಿಯವರೆಗೆ ಬಂದು ನೋಡಿ, ಗುರಿಗಳಿಗೆ ಕಾಗದದ ತೇಪೆ ಅಂಟಿಸಲು, ಬಿದ್ದ ಸ್ಟೀಲ್ ಫಲಕಗಳನ್ನು ಎತ್ತಿ ನಿಲ್ಲಿಸಲು ಕೈಜೋಡಿಸಿ. ಕಣ್ಣು ಕಿವಿಗೆ ರಕ್ಷಣೆ ಇದ್ದರೆ ಸಾಕು. ಆಟದ ಅರ್ಧ ಪಾಠ ಅಲ್ಲಿಯೇ ಆಗುತ್ತದೆ.

ಕೊಡಗಿನ_ಕೋವಿ_ನಾರ್ತ್‌ಕ್ಯಾರೊಲಿನಾ

ಕೊಡಗಿನಲ್ಲಿ ಹುಟ್ಟಿ ಬೆಳೆದವನಾದ್ದರಿಂದ ಕೋವಿ ನನಗೆ ಹೊಸದಾಗಿರಲಿಲ್ಲ. ಕೈಲ್‌ಪೊಳ್ದಿಗೆ ಮನೆಯ ಕೋವಿಯನ್ನು ತೊಳೆದು ಹೂವಿಟ್ಟು ಪೂಜಿಸುವುದನ್ನೂ, ಹಬ್ಬದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವನ್ನೂ ನೋಡಿ ಬೆಳೆದೆ. ಕೋವಿಯ ಬಾಯಿ ಮನುಷ್ಯರ ಕಡೆಗೆ ತಿರುಗಬಾರದೆಂದು ಅಜ್ಜ ಕಲಿಸಿದ್ದರು. ಆ ಧೈರ್ಯದಲ್ಲಿಯೇ ಇಲ್ಲಿ ಮೊದಲ ಪಂದ್ಯಕ್ಕೆ ಹೋದೆ, ಎರಡನೆಯ ಸ್ಟೇಜಿನಲ್ಲಿ ಡಿಕ್ಯೂ ಆದೆ.

ಏನಾಯಿತೆಂದು ವಿವರಿಸುತ್ತೇನೆ, ಏಕೆಂದರೆ ಕೋವಿ ಹಿಡಿದು ಬೆಳೆದ ಇತರರಿಗೂ ಇದು ಆಗಬಹುದು. ಉದ್ದ ನಳಿಗೆಯ ಕೋವಿಗೆ ಎರಡು ಕೈ ಬೇಕು, ಅದನ್ನು ಪಕ್ಕಕ್ಕೆ ತಿರುಗಿಸಬೇಕಾದರೆ ಮೈಯನ್ನೇ ತಿರುಗಿಸಬೇಕು. ಬಾಯಿ ಎತ್ತ ಇದೆಯೆಂಬುದು ಹಿಡಿದವನಿಗೆ ಸದಾ ತಿಳಿದಿರುತ್ತದೆ. ಪಿಸ್ತೂಲಿನ ನಳಿಗೆ ಗೇಣುದ್ದವೂ ಇಲ್ಲ, ಮಣಿಕಟ್ಟು ಚೂರು ವಾಲಿದರೆ ಬಾಯಿ ಕಾಲು ಸುತ್ತು ತಿರುಗಿಬಿಡುತ್ತದೆ. ಈ ಆಟದಲ್ಲಿ ಗುರಿಗಳ ಹಿಂದಿನ ಮಣ್ಣಿನ ದಿಬ್ಬಕ್ಕೆ ಸಮಾನಾಂತರವಾಗಿ ನಮ್ಮ ಮೂಲಕ ಹಾಯುವ ಒಂದು ಗೆರೆಯನ್ನು ಕಲ್ಪಿಸಿಕೊಂಡರೆ, ಪಿಸ್ತೂಲಿನ ಬಾಯಿ ಆ ಗೆರೆಯನ್ನು ದಾಟಿ ಹಿಂದೆ ಬರಕೂಡದು. ಅದಕ್ಕೆ 180 ಡಿಗ್ರಿ ನಿಯಮ ಎನ್ನುತ್ತಾರೆ. ನಾನು ಪಕ್ಕಕ್ಕೆ ಓಡುತ್ತ ಮ್ಯಾಗಜೀನ್ ಬದಲಿಸುವಾಗ ಕಣ್ಣು ಪೌಚಿನ ಕಡೆಗೆ ಹೋಯಿತು, ಮಣಿಕಟ್ಟು ವಾಲಿತು, ಆರ್‌ಒ 'ಸ್ಟಾಪ್' ಎಂದರು. ಅವರ ತೀರ್ಮಾನ ಸರಿಯಾಗಿತ್ತು.

ಕೊಳ್ಳುವ ಸಾಮಾನಿಗೂ ಇದಕ್ಕೂ ಸಂಬಂಧವಿದೆ. ಅಂದು ನಾನು ತೊಟ್ಟಿದ್ದದ್ದು ಪ್ಯಾಂಟಿನ ಸಾಮಾನ್ಯ ಬೆಲ್ಟು. ಓಡುವಾಗ ಪೌಚು ಬೆನ್ನ ಕಡೆಗೆ ಸರಿದುಹೋಗಿತ್ತು, ಅದಕ್ಕಾಗಿಯೇ ಕಣ್ಣು ಅತ್ತ ಹೊರಳಿದ್ದು. ಎರಡು ಪದರದ ಬೆಲ್ಟಿನಲ್ಲಿ ಒಳಪಟ್ಟಿಯನ್ನು ಪ್ಯಾಂಟಿನ ಲೂಪುಗಳಲ್ಲಿ ತೂರಿಸಿ, ಹೋಲ್‌ಸ್ಟರ್ ಮತ್ತು ಪೌಚುಗಳಿರುವ ಗಟ್ಟಿ ಹೊರಪಟ್ಟಿಯನ್ನು ವೆಲ್ಕ್ರೋದಿಂದ ಅದರ ಮೇಲೆ ಒತ್ತಿ ಕೂರಿಸುತ್ತಾರೆ. ಪ್ರತಿ ಪಂದ್ಯದಲ್ಲಿಯೂ ಪೌಚು ಅದೇ ಜಾಗದಲ್ಲಿರುತ್ತದೆ, ಆದ್ದರಿಂದ ಮನೆಯಲ್ಲಿ ಮಾಡಿದ ಅಭ್ಯಾಸ ಮೈದಾನದಲ್ಲಿ ಕೈಗೆ ಬರುತ್ತದೆ. ಎಪ್ಪತ್ತು ಡಾಲರಿನ ಆ ಪಟ್ಟಿಯನ್ನು ಕೊಂಡ ಮೇಲೆ ನಾನು ಪೌಚನ್ನು ನೋಡಿದ್ದೇ ಇಲ್ಲ.

ಡಲ್ಲಾಸ್_ಹೊಸಬ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞ. ನನಗೆ ನಲವತ್ತೊಂದು, ಕನ್ನಡಕದ ಕಡೆಗೆ ಹೆಜ್ಜೆ ಹಾಕುತ್ತಿರುವ ಕಣ್ಣು. ಡಾಟಿನ ಕಡೆಗೇ ಮನಸ್ಸು ವಾಲಿದೆ. ಇನ್ನೊಂದು ಸಂದೇಹ: ಗುಂಡಿನಲ್ಲಿ ಏನು ನೋಡಬೇಕು? 'ಮೇಜರ್', 'ಮೈನರ್' ಎಂಬ ಮಾತು ಪಂದ್ಯದಲ್ಲಿ ಪದೇ ಪದೇ ಕಿವಿಗೆ ಬಿತ್ತು. ಅಂಕ ಕೊಡುವ ಕ್ರಮವೂ ನನಗೆ ತಿಳಿಯಲಿಲ್ಲ.

ಹಳೆ_ಮೈಸೂರು_ಓಹಾಯೋ

ಇದಕ್ಕೆ ನಾನು ಉತ್ತರಿಸುತ್ತೇನೆ, ನನಗೆ ಪ್ರಿಯವಾದ ಭಾಗ ಇದೇ. ಐಪಿಎಸ್‌ಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 1976ರಲ್ಲಿ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಹುಟ್ಟಿತು. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ಯುಎಸ್‌ಪಿಎಸ್‌ಎ ಅದರ ಅಮೆರಿಕದ ಶಾಖೆಯಾಗಿ 1984ರಲ್ಲಿ ರೂಪುಗೊಂಡಿತು. ನಿಖರತೆ, ಶಕ್ತಿ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳು ಆಟದ ಧ್ಯೇಯವಾಕ್ಯ, ಅಂಕದ ಲೆಕ್ಕದಲ್ಲಿ ಆ ಮೂರಕ್ಕೂ ಬೆಲೆಯಿದೆ.

ಶಕ್ತಿಯನ್ನು ಅಳೆಯುವುದು ಹೀಗೆ: ಗುಂಡಿನ ತೂಕವನ್ನು ಗ್ರೇನ್ ಎಂಬ ಪುಟ್ಟ ಅಳತೆಯಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ತೆಗೆದುಕೊಂಡು ಗುಣಿಸಿ ಸಾವಿರದಿಂದ ಭಾಗಿಸಬೇಕು. ಇದಕ್ಕೆ ಪವರ್ ಫ್ಯಾಕ್ಟರ್ ಎಂದು ಹೆಸರು. 125 ಮುಟ್ಟಿದರೆ ಮೈನರ್, 165 ಮುಟ್ಟಿದರೆ ಮೇಜರ್. ಅಂಗಡಿಯ 9 ಎಂಎಂ ಗುಂಡು 124 ಗ್ರೇನ್ ತೂಗಿ 1,100 ಅಡಿ ವೇಗದಲ್ಲಿ ಹೋದರೆ 136.4 ಆಗುತ್ತದೆ, ಚಿಂತೆಯಿಲ್ಲ. 147 ಗ್ರೇನಿನದು 900 ಅಡಿಗೆ 132.3. ಅಗ್ಗದ 115 ಗ್ರೇನಿನ ಗುಂಡು ನಿಮ್ಮ ಪಿಸ್ತೂಲಿನಿಂದ 1,080 ಅಡಿಯಲ್ಲಿ ಹೊರಟರೆ 124.2 ಮಾತ್ರ, ಅಂಥ ಗುಂಡಿಗೆ ದೊಡ್ಡ ಪಂದ್ಯದ ವೇಗಮಾಪಕದ ಮುಂದೆ ಅಂಕವೇ ಸಿಗುವುದಿಲ್ಲ. ನಿಮ್ಮ ಊರಿನ ತಿಂಗಳ ಪಂದ್ಯದಲ್ಲಿ ಸಾಮಾನ್ಯವಾಗಿ ಇದನ್ನು ಅಳೆಯುವುದಿಲ್ಲವಾದರೂ, ಪೆಟ್ಟಿಗೆಯ ಮೇಲಿನ ವೇಗವನ್ನು ಓದಿ ಲೆಕ್ಕಹಾಕಿಕೊಂಡೇ ಕೊಳ್ಳಿ. ನೀವು ಹೋಗುವ ಕ್ಯಾರಿ ಆಪ್ಟಿಕ್ಸಿನಲ್ಲಿ ಎಲ್ಲರಿಗೂ ಮೈನರ್ ಅಂಕವೇ, ಆದ್ದರಿಂದ ಹೆಚ್ಚಿನ ಶಕ್ತಿಯ ಗುಂಡಿಗೆ ಹಣ ಸುರಿಯಬೇಕಾಗಿಲ್ಲ.

ರಟ್ಟಿನ ನಡುವಿನ ಎ ವಲಯಕ್ಕೆ 5 ಅಂಕ. ಅದರ ಸುತ್ತಲಿನ ಸಿ ವಲಯಕ್ಕೆ ಮೈನರಿನಲ್ಲಿ 3, ಅಂಚಿನ ಡಿ ವಲಯಕ್ಕೆ 1. ಮೇಜರಿನಲ್ಲಿ ಇವು 4 ಮತ್ತು 2. ಗುರಿ ತಪ್ಪಿದರೆ 10 ಅಂಕ ಕಳೆಯುತ್ತಾರೆ. ಹೊಡೆಯಬಾರದ ಬಿಳಿ ಗುರಿಗೆ ತಾಗಿದರೂ 10 ಹೋಗುತ್ತದೆ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ಹಿಟ್ ಫ್ಯಾಕ್ಟರ್. ಇಪ್ಪತ್ನಾಲ್ಕು ಗುಂಡಿನ ಸ್ಟೇಜಿನಲ್ಲಿ ಒಬ್ಬರು 20 ಸೆಕೆಂಡಿನಲ್ಲಿ 110 ಅಂಕ ಗಳಿಸಿದರೆ 5.5, ಇನ್ನೊಬ್ಬರು 16 ಸೆಕೆಂಡಿನಲ್ಲಿ 96 ಗಳಿಸಿದರೆ 6. ಎರಡನೆಯವರು ಗೆದ್ದರು. ಆದರೆ ಅವರ ಒಂದೇ ಒಂದು ಗುಂಡು ಎ ವಲಯದ ಬದಲು ರಟ್ಟನ್ನೇ ತಪ್ಪಿಸಿಕೊಂಡಿದ್ದರೆ 15 ಅಂಕ ಹೋಗಿ 81 ಉಳಿಯುತ್ತಿತ್ತು, ಹಿಟ್ ಫ್ಯಾಕ್ಟರ್ 5.06ಕ್ಕೆ ಇಳಿಯುತ್ತಿತ್ತು. ಹೊಸಬರು ವೇಗಕ್ಕೆ ಮರುಳಾಗುವ ಮುನ್ನ ಈ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಿ ನೋಡಬೇಕೆಂದು ನನ್ನ ಆಗ್ರಹ.

ಬೆಂಗಳೂರು_ಏರ್‌ಪಿಸ್ತೂಲ್

ನಾನು ಬೆಂಗಳೂರಿನಲ್ಲಿ ಹತ್ತು ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುವವನು. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ನಳಿಗೆಯ ಒಳಅಗಲ) ಆಗಿರುವುದರಿಂದ ಈ ಆಟ ನಾಗರಿಕರಿಗೆ ಸುಲಭವಾಗಿ ಕೈಗೆಟುಕುವುದಿಲ್ಲ. 4.5 ಎಂಎಂ ಬೋರಿನ, 20 ಜೂಲ್ ಶಕ್ತಿಯೊಳಗಿನ ಏರ್ ಪಿಸ್ತೂಲಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ಪರವಾನಗಿ ಬೇಕಿಲ್ಲ. ನಮ್ಮ ಊರಿನ ಪ್ರಕಾಶ್ ನಂಜಪ್ಪ 2016ರ ರಿಯೊ ಒಲಿಂಪಿಕ್ಸಿನಲ್ಲಿ ಪಿಸ್ತೂಲ್ ವಿಭಾಗದಲ್ಲಿ ಸ್ಪರ್ಧಿಸಿದವರು. ನನ್ನ ಪ್ರಶ್ನೆ ಇಷ್ಟೇ: ನಮ್ಮ ಅಭ್ಯಾಸದ ಬಹುಪಾಲು ಗುಂಡಿಲ್ಲದ ಒಣ ಅಭ್ಯಾಸ. ನಿಮ್ಮಲ್ಲಿಯೂ ಹಾಗೆಯೇ?

ಫೀನಿಕ್ಸ್_ಆರ್‌ಒ

ಹೌದು, ಇಲ್ಲಿಯೂ ಹಾಗೆಯೇ. ಹೊಸಬರು ಬೆಲ್ಟಿನ ನಂತರ ಸಂಪಾದಿಸಬೇಕಾದದ್ದು ಆ ಅಭ್ಯಾಸವನ್ನೇ. ಒಂಬತ್ತು ಎಂಎಂ ಗುಂಡಿಗೆ ಈಚೆಗೆ ಸುಮಾರು 25 ಸೆಂಟ್ ಬೀಳುತ್ತದೆ, ಒಂದು ಪಂದ್ಯಕ್ಕೆ 150 ಗುಂಡು ಬೇಕು, ಹೆಚ್ಚುವರಿಗೆಂದು 200 ಒಯ್ಯಬೇಕು; ಪಂದ್ಯದ ಶುಲ್ಕ ಬೇರೆ. ಮನೆಯ ಡ್ರೈ ಫೈರಿಗೆ ಖರ್ಚೇ ಇಲ್ಲ.

ಅದರ ಕ್ರಮ ಮಾತ್ರ ಕಟ್ಟುನಿಟ್ಟಾಗಿರಬೇಕು. ಮದ್ದುಗುಂಡು ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿದಂತಿರಲಿ. ಪಿಸ್ತೂಲಿನ ಚೇಂಬರನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ, ಮ್ಯಾಗಜೀನುಗಳನ್ನೂ ಹಾಗೆಯೇ ನೋಡಿ. ಮನೆಯವರು ಯಾರೂ ಇಲ್ಲದ ದಿಕ್ಕಿನ, ಗುಂಡನ್ನು ತಡೆಯಬಲ್ಲ ಗೋಡೆಗೆ ಅಂಗೈಯಗಲದ ಕಾಗದವನ್ನು ಅಂಟಿಸಿ. ಬೆಲ್ಟನ್ನು ಪೂರ್ತಿಯಾಗಿ ತೊಟ್ಟುಕೊಂಡೇ ಅಭ್ಯಾಸ ಮಾಡಿ. ಫೋನಿನಲ್ಲಿ ಸಿಗುವ ಟೈಮರ್ ಆ್ಯಪ್ ಸಾಕು. ಗುಂಡಿನ ಸದ್ದು ಕೇಳಿ ಸಮಯ ಅಳೆಯುವ ನೂರೈವತ್ತು ಡಾಲರಿನ ಶಾಟ್ ಟೈಮರ್ ಮೊದಲ ವರ್ಷ ಬೇಕಾಗಿಲ್ಲ. ಅಭ್ಯಾಸ ಮುಗಿದ ಮೇಲೆ 'ಮುಗಿಯಿತು' ಎಂದು ಬಾಯಿಬಿಟ್ಟು ಹೇಳಿ ಬೆಲ್ಟ್ ಬಿಚ್ಚಿ. ಗುಂಡು ತುಂಬಿದ ಮೇಲೆ 'ಇನ್ನೊಂದು ಸಲ' ಎಂದು ಒತ್ತಿ ಗೋಡೆಗೆ ತೂತು ಮಾಡಿದವರು ಅನುಭವಿಗಳೇ.

ಮೊದಲ ವರ್ಷ ಕೊಳ್ಳಬಾರದ ಇತರ ವಸ್ತುಗಳನ್ನೂ ಹೇಳಿಬಿಡುತ್ತೇನೆ: ಬದಲಿ ಟ್ರಿಗರ್, ಹಿತ್ತಾಳೆಯ ಭಾರದ ಹಿಡಿಕೆ, ಮ್ಯಾಗಜೀನ್ ಉದ್ದ ಮಾಡುವ ತಳಪಟ್ಟಿ, ಗುಂಡು ಮರುತುಂಬುವ ಯಂತ್ರ. ಮ್ಯಾಗಜೀನಿನ ತಳಪಟ್ಟಿಯಲ್ಲಿ ಒಂದು ಸೂಕ್ಷ್ಮವೂ ಇದೆ. ಕ್ಯಾರಿ ಆಪ್ಟಿಕ್ಸಿನಲ್ಲಿ ಮ್ಯಾಗಜೀನಿನ ಒಟ್ಟು ಉದ್ದ 141.25 ಮಿಲಿಮೀಟರ್ ಮೀರಬಾರದು. ಕಾಲಿಗೆ ಮಣ್ಣಿನಲ್ಲಿ ಜಾರದೆ ಹಿಡಿಯುವಂಥ ಟ್ರೇಲ್ ಶೂ ಇರಲಿ, ಲೋಹದ ಮುಳ್ಳಿರುವ ಶೂ ಬೇಡ. ಕಿವಿಗೆ ಎಲೆಕ್ಟ್ರಾನಿಕ್ ಮಫ್, ಅದರ ಕೆಳಗೆ ಫೋಮ್ ಪ್ಲಗ್; ಹೀಗೆ ಎರಡೂ ಇದ್ದರೆ ಗುಂಡಿನ ಸದ್ದು ತಗ್ಗುತ್ತದೆ, ಆಜ್ಞೆಗಳೂ ಕೇಳಿಸುತ್ತವೆ. ಇದೊಂದರಲ್ಲಿ ಉಳಿತಾಯ ಮಾಡಬೇಡಿ, ಹೋದ ಕಿವಿ ಬರುವುದಿಲ್ಲ.

ಡಲ್ಲಾಸ್_ಹೊಸಬ

ಏಳು ವಾರಗಳ ನಂತರ ಮತ್ತೆ ಬರೆಯುತ್ತಿದ್ದೇನೆ. ಬೆಲ್ಟ್, ಹೋಲ್‌ಸ್ಟರ್, ಮೂರು ಪೌಚುಗಳನ್ನು ಮೊದಲು ಕೊಂಡೆ. ಪಿಸ್ತೂಲಿಗಾಗಿ ಬಾಡಿಗೆಗೆ ಕೊಡುವ ರೇಂಜಿನಲ್ಲಿ ನಾಲ್ಕನ್ನು ಹಿಡಿದು ನೋಡಿದೆ. ಗ್ಲಾಕಿನ ಹಿಡಿಕೆ ನನ್ನ ಅಂಗೈಯಲ್ಲಿ ಚೌಕಾಕಾರವೆನಿಸಿತು, ವಾಲ್ಥರ್ ಪಿಡಿಪಿ ಚೆನ್ನಾಗಿ ಕೂತಿತು, ಅದನ್ನೇ ಡಾಟಿನೊಂದಿಗೆ ತೆಗೆದುಕೊಂಡೆ. ಸ್ಕ್ರೂಗಳ ಮೇಲೆ ಬಿಳಿ ಗೆರೆ ಎಳೆದಿದ್ದೇನೆ. ಒಂದು ತಿಂಗಳು ರಾತ್ರಿ ಹತ್ತಕ್ಕೆ, ಮಗಳು ಮಲಗಿದ ಮೇಲೆ, ಗ್ಯಾರೇಜಿನಲ್ಲಿ ಹದಿನೈದು ನಿಮಿಷ ಅಭ್ಯಾಸ ಮಾಡಿದೆ.

ನಿನ್ನೆ ಮೊದಲ ಪಂದ್ಯವಾಯಿತು. ಐದು ಸ್ಟೇಜು, 132 ಗುಂಡು. ಡಿಕ್ಯೂ ಆಗಲಿಲ್ಲ. ಕ್ಯಾರಿ ಆಪ್ಟಿಕ್ಸಿನ ಮೂವತ್ತೊಂದು ಜನರಲ್ಲಿ ಇಪ್ಪತ್ತೊಂಬತ್ತನೆಯವನಾದೆ. ಎರಡನೆಯ ಸ್ಟೇಜಿನಲ್ಲಿ ಒಂದು ಗುರಿಯನ್ನು ಪೂರ್ತಿ ಮರೆತು ಓಡಿಬಿಟ್ಟೆ. ನಾಲ್ಕನೆಯದರಲ್ಲಿ ಮ್ಯಾಗಜೀನ್ ಬದಲಿಸುವಾಗ ಕೈ ತಾನಾಗಿ ಪೌಚಿಗೆ ಹೋಯಿತು, ನೋಡಬೇಕಾಗಲಿಲ್ಲ. ಕೊಡಗಿನವರ ಮಾತು ಆ ಕ್ಷಣ ನೆನಪಾಯಿತು. ಕೊನೆಯ ಸ್ಟೇಜಿನ ಆರು ಸ್ಟೀಲ್ ಫಲಕಗಳು ಆರೇ ಗುಂಡಿಗೆ ಬಿದ್ದಾಗ ಸ್ಕ್ವಾಡಿನವರೆಲ್ಲ ಚಪ್ಪಾಳೆ ತಟ್ಟಿದರು. ಮೈದಾನದ ಮಣ್ಣು ತುಂಬಿಕೊಂಡ ಮ್ಯಾಗಜೀನುಗಳನ್ನು ಇಂದು ಬಿಚ್ಚಿ ಒರೆಸಿದೆ. ಒಂದರ ಸ್ಪ್ರಿಂಗ್ ತಳದಲ್ಲಿ ಮರಳು ಕೂತಿತ್ತು. ಅವುಗಳಿಗೆ ಎಣ್ಣೆ ಹಚ್ಚಬೇಕೇ?

ಕೊಡಗಿನ_ಕೋವಿ_ನಾರ್ತ್‌ಕ್ಯಾರೊಲಿನಾ

ಬಹಳ ಸಂತೋಷವಾಯಿತು. ಎಣ್ಣೆ ಬೇಡ, ಮರಳು ಇನ್ನಷ್ಟು ಅಂಟುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ, ಬಟ್ಟೆಯಲ್ಲಿ ಒರೆಸಿದರೆ ಸಾಕು. ಪ್ರತಿಯೊಂದರ ತಳಕ್ಕೂ ಬಣ್ಣದಲ್ಲಿ ಒಂದು, ಎರಡು, ಮೂರು ಎಂದು ಬರೆದುಕೊಳ್ಳಿ. ಗುಂಡು ಸಿಕ್ಕಿಕೊಂಡಾಗ ಯಾವ ಮ್ಯಾಗಜೀನಿನಿಂದ ತೊಂದರೆ ಬಂತೆಂದು ಅದರಿಂದ ತಿಳಿಯುತ್ತದೆ.